ಗೋಲ್ಡ್‌ಫಿಶ್ ಅಟ್ಟಾಡಿಸುವುದೇಕೆ?

ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಈ ದೂರು ಕಿವಿಗೆ ಬೀಳುತ್ತದೆ. ‘ಅಣ್ಣಾ, ಹೋದ ವರ್ಷ ನಿಮ್ಮ ಹತ್ರಾನೇ ಮೂರು ಗೋಲ್ಡ್‌ಫಿಶ್ ತಗೊಂಡು ಹೋಗಿದ್ವಿ. ಇಷ್ಟು ದಿನ ಚೆನ್ನಾಗಿದ್ವು. ಈಗ ಎರಡು ಸೇರ್ಕೊಂಡು ಒಂದನ್ನ ಬಿಡ್ತಾನೇ ಇಲ್ಲ, ಬೆಳಗ್ಗೆಯಿಂದ ಅಟ್ಟಾಡಿಸ್ತಾ ಇವೆ. ಸಾಯಿಸಿಬಿಡುತ್ತವೇನೋ ಅಂತ ಭಯ.’ ಗಿರಾಕಿಗಳ ನೂಕುನುಗ್ಗಲಿನಲ್ಲಿ ಅಂಗಡಿಯವರು ನೀಲಿ ಔಷಧಿಯ ಬಾಟಲಿಯೊಂದನ್ನು ಕೊಟ್ಟು ಕಳಿಸುತ್ತಾರೆ. ಇಲ್ಲವೇ ‘ಬೇರೆ ಮಾಡಿ’ ಎನ್ನುತ್ತಾರೆ. ಅದೂ ಇಲ್ಲದಿದ್ದರೆ ‘ಇನ್ನೊಂದು ಜೋಡಿ ಹಾಕಿ, ಸರಿಹೋಗುತ್ತೆ’ ಎಂಬ ಸಮಾಧಾನ. ಈ ಮೂರರಲ್ಲಿ ಯಾವುದು ಸರಿ ಎಂದು ಹೇಳಬೇಕಾದರೆ ಮೊದಲು ಮೀನು ಯಾಕೆ ಓಡುತ್ತಿದೆ ಎಂದು ಗೊತ್ತಾಗಬೇಕು. ಅದನ್ನು ಹೇಳಬಲ್ಲವರು ಅಂಗಡಿಯವರಲ್ಲ, ಮನೆಯಲ್ಲಿ ತೊಟ್ಟಿಯ ಮುಂದೆ ಕುಳಿತು ನೋಡುವವರು.

ಗೋಲ್ಡ್‌ಫಿಶ್ ಜಗಳಗಂಟ ಮೀನಲ್ಲ. ಫೈಟರ್ ಮೀನಿನ ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಅವು ರೆಕ್ಕೆ ಹರಿಯುವಂತೆ ಕಾದಾಡುತ್ತವೆ. ಸಿಕ್ಲಿಡ್ ಜಾತಿಯ ಹಲವು ಮೀನುಗಳು ಒಂದು ಕಲ್ಲಿನ ಮರೆಯನ್ನು ತಮ್ಮದೆಂದು ಹಿಡಿದುಕೊಂಡು, ಹತ್ತಿರ ಬಂದವರನ್ನು ಓಡಿಸುತ್ತವೆ. ಗೋಲ್ಡ್‌ಫಿಶ್‌ಗೆ ಹೀಗೆ ಕಾಯಬೇಕಾದ ಸ್ವಂತ ಜಾಗವಿಲ್ಲ. ಅದರ ಬಾಯಲ್ಲಿ ಕಚ್ಚುವ ಹಲ್ಲುಗಳೂ ಇಲ್ಲ; ಆಹಾರವನ್ನು ಅರೆಯುವ ಹಲ್ಲುಗಳಿರುವುದು ಗಂಟಲಿನಲ್ಲಿ. ಗುಂಪಿನಲ್ಲಿ ಮೇಯುತ್ತ ಕೆಸರಿನ ತಳವನ್ನು ಕೆದಕಿ ತಿನ್ನುವ ಗೆಂಡೆ ಮೀನುಗಳ ಕುಲ ಅದರದು. ಇಂಥ ಮೀನು ಇನ್ನೊಂದರ ಬೆನ್ನು ಬಿದ್ದಿದೆ ಎಂದರೆ ಕಾರಣ ಸಿಟ್ಟಲ್ಲ. ಹೆಚ್ಚಿನ ಸಲ ಅದು ಮೊಟ್ಟೆಯಿಡುವ ಕಾಲ. ಕೆಲವೊಮ್ಮೆ ಹಸಿವು, ಇಕ್ಕಟ್ಟು ಅಥವಾ ಕೆಟ್ಟ ನೀರು. ಅಪರೂಪಕ್ಕೆ, ಓಡುತ್ತಿರುವ ಮೀನಿಗೇ ಕಾಯಿಲೆ.

ಮೊಟ್ಟೆಯಿಡುವ ಕಾಲದ ಓಟವನ್ನು ಒಮ್ಮೆ ಸರಿಯಾಗಿ ನೋಡಿದವರಿಗೆ ಮತ್ತೆ ಗೊಂದಲವಾಗುವುದಿಲ್ಲ. ಅದು ಶುರುವಾಗುವುದು ಹೆಚ್ಚಾಗಿ ನಸುಕಿನಲ್ಲಿ. ಬೆಳಕು ಹರಿದು ನೀವು ಕಾಫಿ ಲೋಟ ಹಿಡಿದು ಹಾಲಿಗೆ ಬರುವ ಹೊತ್ತಿಗೆ ಆಟ ಜೋರಾಗಿರುತ್ತದೆ. ಮುಂದೆ ಓಡುವುದು ಹೊಟ್ಟೆ ತುಂಬಿಕೊಂಡ ಹೆಣ್ಣು. ಹಿಂದೆ ಒಂದೋ ಎರಡೋ ಮೂರೋ ಗಂಡುಗಳು. ಗಂಡು ಎಲ್ಲಿ ಮುಟ್ಟುತ್ತದೆ ಎಂಬುದನ್ನು ಗಮನಿಸಿ: ಅದರ ಮೂತಿ ಹೆಣ್ಣಿನ ಬಾಲದ ತುದಿಗೆ ಹೋಗುವುದಿಲ್ಲ, ಕಣ್ಣಿಗೂ ಹೋಗುವುದಿಲ್ಲ. ಹೊಟ್ಟೆಯ ಕೆಳಗೆ, ಗುದದ್ವಾರದ ಬಳಿ ಒತ್ತಿ ಒತ್ತಿ ತಿವಿಯುತ್ತದೆ. ಹೆಣ್ಣು ಗಿಡಗಳ ಕಡೆಗೋ ಗಾಜಿನ ಮೂಲೆಗೋ ತಿರುಗಿದರೆ ಗಂಡು ಪಕ್ಕದಿಂದ ಮೈ ಆನಿಸಿ ಒತ್ತಿಕೊಂಡು ಹೋಗುತ್ತದೆ. ಎರಡೂ ಗಿಡದೊಳಗೆ ನುಗ್ಗಿ, ಬಾಲ ಬಡಿದು, ಒಂದು ಕ್ಷಣ ಮೈ ನಡುಗಿಸಿ ಬೇರೆಯಾಗುತ್ತವೆ. ಆ ಒಂದು ಕ್ಷಣದಲ್ಲೇ ಹೆಣ್ಣು ಒಂದಷ್ಟು ಮೊಟ್ಟೆ ಚೆಲ್ಲುತ್ತದೆ, ಗಂಡು ವೀರ್ಯ ಬಿಡುತ್ತದೆ, ಫಲೀಕರಣವಾಗುವುದು ನೀರಿನಲ್ಲಿ. ಮತ್ತೆ ಓಟ, ಮತ್ತೆ ಗಿಡ. ಕೆಲವು ಗಂಟೆಗಳ ಕಾಲ ಹೀಗೇ ನಡೆದು ಮಧ್ಯಾಹ್ನದ ಹೊತ್ತಿಗೆ ತಣ್ಣಗಾಗುತ್ತದೆ.

ಗಂಡನ್ನು ಗುರುತಿಸಲು ಮೊಬೈಲಿನ ಟಾರ್ಚ್ ಸಾಕು. ಬೆಳಕನ್ನು ಓರೆಯಾಗಿ ಹಿಡಿದರೆ ಕಿವಿರಿನ ಮುಚ್ಚಳದ ಮೇಲೂ ಎದೆಯ ಈಜುರೆಕ್ಕೆಯ ಮುಂಭಾಗದ ದಪ್ಪ ಕಡ್ಡಿಯ ಮೇಲೂ ರವೆಯಷ್ಟು ಸಣ್ಣ ಬಿಳಿ ಗುಳ್ಳೆಗಳು ಸಾಲಾಗಿ ಕಾಣುತ್ತವೆ. ಮುಟ್ಟಿದರೆ ಒರಟು. ಹೆಣ್ಣನ್ನು ತಿವಿಯುವಾಗ ಕೆಲಸಕ್ಕೆ ಬರುವುದು ಈ ಒರಟುತನವೇ. ಹೊಸದಾಗಿ ಮೀನು ಸಾಕುವವರು ಇಲ್ಲಿಯೇ ಬೆಚ್ಚುತ್ತಾರೆ: ಬಿಳಿ ಚುಕ್ಕೆ ಕಂಡಿತು, ಇಕ್ ರೋಗ ಬಂದಿದೆ ಎಂದು ಔಷಧಿ ಸುರಿಯುತ್ತಾರೆ. ಇಕ್ ಒಂದು ಪರೋಪಜೀವಿಯಿಂದ ಬರುವ ನಿಜವಾದ ಕಾಯಿಲೆ. ಆದರೆ ಅದರ ಚುಕ್ಕೆಗಳು ಶಿಸ್ತಾಗಿ ಸಾಲುಗಟ್ಟುವುದಿಲ್ಲ. ಮೈ, ಬಾಲ, ರೆಕ್ಕೆ ಎಂದು ನೋಡದೆ ಎಲ್ಲೆಂದರಲ್ಲಿ ಚೆಲ್ಲಾಡಿರುತ್ತವೆ, ದಿನದಿಂದ ದಿನಕ್ಕೆ ಹೆಚ್ಚುತ್ತವೆ. ಮೀನು ಕಲ್ಲಿಗೆ, ಪೈಪಿಗೆ ಮೈ ಉಜ್ಜಿಕೊಳ್ಳುತ್ತದೆ, ಮಂಕಾಗುತ್ತದೆ. ಗಂಡಿನ ಗುಳ್ಳೆಗಳಿರುವ ಮೀನು ಚುರುಕಾಗಿ ತಿಂದುಂಡು ಓಡಾಡಿಕೊಂಡಿರುತ್ತದೆ. ಎಲ್ಲ ಗಂಡುಗಳಲ್ಲೂ ಗುಳ್ಳೆ ಎದ್ದು ಕಾಣುವುದಿಲ್ಲ ಎಂಬುದೂ ನೆನಪಿರಲಿ. ಹೆಣ್ಣನ್ನು ತಿಳಿಯಲು ಮೇಲಿನಿಂದ ನೋಡಬೇಕು. ಮೊಟ್ಟೆ ಕಟ್ಟಿದ ಹೆಣ್ಣಿನ ಹೊಟ್ಟೆ ಒಂದು ಪಕ್ಕಕ್ಕೆ ಹೆಚ್ಚು ಉಬ್ಬಿ ಸೊಟ್ಟಗೆ ಕಾಣುತ್ತದೆ. ಸುಮಾರು ಒಂದು ವರ್ಷ ತುಂಬುವವರೆಗೆ ಇವು ಯಾವುದೂ ಸ್ಪಷ್ಟವಾಗಿರುವುದಿಲ್ಲ. ಆದ್ದರಿಂದಲೇ ಅಂಗಡಿಯಲ್ಲಿ ಮರಿ ಮೀನುಗಳನ್ನು ‘ಜೋಡಿ’ ಎಂದು ಕೊಟ್ಟರೆ ಆ ಮಾತಿಗೆ ಅರ್ಥವಿಲ್ಲ.

ಇದಕ್ಕೊಂದು ಕಾಲವೂ ಇದೆ. ಚಳಿಯಿದ್ದ ನೀರು ನಿಧಾನವಾಗಿ ಬೆಚ್ಚಗಾಗಿ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬರುವುದು ಗೋಲ್ಡ್‌ಫಿಶ್‌ಗೆ ಸಂತಾನದ ಸೂಚನೆ. ಚೀನಾ, ಜಪಾನ್, ಯುರೋಪಿನ ಕೊಳಗಳಲ್ಲಿ ಅದು ವಸಂತ ಋತು. ನಮ್ಮಲ್ಲಿ, ಬೆಂಗಳೂರು ಮೈಸೂರಿನಂಥ ಊರುಗಳಲ್ಲಿ, ಚಳಿ ‘ಶಿವ ಶಿವಾ’ ಎಂದು ಹೊರಟುಹೋಗುವ ಶಿವರಾತ್ರಿಯ ಹೊತ್ತಿಗೆ ಮನೆಯ ಹೊರಗಿಟ್ಟ ತೊಟ್ಟಿಗಳಲ್ಲಿ ಇಂಥ ಬದಲಾವಣೆಯಾಗುತ್ತದೆ. ಮನೆಯೊಳಗಿನ ತೊಟ್ಟಿಗೆ ಋತುವಿನ ಏರಿಳಿತ ಅಷ್ಟು ತಟ್ಟುವುದಿಲ್ಲ, ಅಲ್ಲಿ ನೀರು ಬದಲಿಸುವುದೇ ಒಂದು ಮಳೆಗಾಲ. ಭಾನುವಾರ ಅರ್ಧ ತೊಟ್ಟಿ ನೀರು ತೆಗೆದು ತಣ್ಣನೆಯ ಹೊಸ ನೀರು ತುಂಬಿ, ಅದು ಮತ್ತೆ ಬೆಚ್ಚಗಾಗುತ್ತ ಬಂದಾಗ ಸೋಮವಾರ ಬೆಳಗ್ಗೆ ಅಟ್ಟಾಟ ಶುರು. ‘ನೀರು ಬದಲಿಸಿದ್ದೇ ತಪ್ಪಾಯಿತೇನೋ’ ಎಂದು ಕೊರಗುವವರಿಗೆ ಹೇಳಬೇಕಾದದ್ದು: ನಿಮ್ಮ ಮೀನಿಗೆ ಆ ನೀರು ಹಿಡಿಸಿದೆ.

ಇನ್ನು ಈ ವಿಷಯದಲ್ಲಿ ನನಗೆ ಅತ್ಯಂತ ಸೋಜಿಗದ್ದೆನಿಸುವ ಸಂಗತಿ. ಗಂಡಿಗೆ ಆ ದಿನ, ಆ ಬೆಳಗ್ಗೆಯೇ ಹೆಣ್ಣು ಸಿದ್ಧವಾಗಿದೆ ಎಂದು ತಿಳಿಯುವುದು ಹೇಗೆ? ಕಣ್ಣಿನಿಂದಲ್ಲ, ಮೂಗಿನಿಂದ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ನಾರ್ಮನ್ ಸ್ಟೇಸಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪೀಟರ್ ಸೊರೆನ್ಸನ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಗೋಲ್ಡ್‌ಫಿಶ್ ಮೇಲೆ ಕೆಲಸ ಮಾಡಿ ಇದನ್ನು ಬಿಡಿಸಿಟ್ಟರು. ಮೊಟ್ಟೆ ಪಕ್ವವಾಗುವ ರಾತ್ರಿ ಹೆಣ್ಣಿನ ದೇಹದಲ್ಲಿ ಒಂದು ಸ್ಟೀರಾಯ್ಡ್ ಹಾರ್ಮೋನ್ ಏರುತ್ತದೆ, ಅದರ ಒಂದು ಪಾಲು ನೀರಿಗೆ ಸೇರುತ್ತದೆ. ಅದರ ವಾಸನೆ ಹಿಡಿದ ಗಂಡಿನ ರಕ್ತದಲ್ಲೂ ಹಾರ್ಮೋನ್ ಏರಿ, ಬೆಳಗಾಗುವುದರೊಳಗೆ ವೀರ್ಯದ ಪ್ರಮಾಣ ಹೆಚ್ಚುತ್ತದೆ. ಗಂಡು ಇನ್ನೂ ಓಡುತ್ತಿಲ್ಲ, ತಯಾರಾಗುತ್ತಿದೆ ಅಷ್ಟೆ. ಮೊಟ್ಟೆಗಳು ಅಂಡಾಶಯದಿಂದ ಬಿಡುಗಡೆಯಾದ ಮೇಲೆ ಹೆಣ್ಣಿನಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ಇನ್ನೊಂದು ರಾಸಾಯನಿಕ ಉಂಟಾಗುತ್ತದೆ. ಅದು ಎರಡು ಕೆಲಸ ಮಾಡುತ್ತದೆ: ಹೆಣ್ಣಿನ ಮಿದುಳಿಗೆ ತಲುಪಿ ಅದನ್ನು ಗಿಡಗಳ ಕಡೆ ಹೊರಡಿಸುತ್ತದೆ, ಮೂತ್ರದ ಮೂಲಕ ನೀರಿಗಿಳಿದು ಗಂಡುಗಳನ್ನು ಅದರ ಹಿಂದೆ ಓಡಿಸುತ್ತದೆ. ಮೊಟ್ಟೆಯೇ ಇಲ್ಲದ ಹೆಣ್ಣಿಗೆ ಈ ರಾಸಾಯನಿಕವನ್ನು ಚುಚ್ಚಿದಾಗ ಅದು ಮೊಟ್ಟೆಯಿಡುವ ಹೆಣ್ಣಿನಂತೆಯೇ ಗಿಡದೊಳಗೆ ನುಗ್ಗಿತು. ಮೂಗಿನಿಂದ ಮಿದುಳಿಗೆ ಹೋಗುವ ಹಾದಿಯನ್ನು ಕಡಿದ ಗಂಡುಗಳು ಹೆಣ್ಣಿನ ಬೆನ್ನು ಬೀಳುವುದು ಇಳಿದುಹೋಯಿತು.

ಇದರಲ್ಲೊಂದು ಸೂಕ್ಷ್ಮವಿದೆ. ಹೆಣ್ಣು ಈ ವಾಸನೆಯನ್ನು ಸುಮ್ಮನೆ ಸೋರಿಸಿಕೊಂಡು ಓಡಾಡುವುದಿಲ್ಲ. ಮೊಟ್ಟೆಯಿಡಲು ತೇಲುವ ಗಿಡಗಳ ನಡುವೆ ಏರಿದಾಗ ಹೆಚ್ಚು ಹೆಚ್ಚು ಸಲ ಮೂತ್ರ ಬಿಡುತ್ತದೆ. ಅಂದರೆ ‘ನಾನು ಇಲ್ಲಿದ್ದೇನೆ’ ಎಂದು ಜಾಗ ತೋರಿಸುತ್ತದೆ. ಅಲ್ಲಿಗೆ, ಈ ಓಟದಲ್ಲಿ ಹೆಣ್ಣು ಬರೀ ಹೆದರಿ ಓಡುವ ಬಡಪಾಯಿ ಎಂಬ ನಮ್ಮ ಎಣಿಕೆ ಅರ್ಧ ಮಾತ್ರ ನಿಜ. ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಅದೇ. ವಾಸನೆಯ ಈ ಲೋಕ ಗೊತ್ತಾದರೆ ಇನ್ನೆರಡು ಸಂಗತಿ ಅರ್ಥವಾಗುತ್ತವೆ. ಚಿಕ್ಕ ತೊಟ್ಟಿಯಲ್ಲಿ ಒಂದು ಹೆಣ್ಣು ಸಿದ್ಧವಾದರೆ ಆ ವಾಸನೆ ಎಲ್ಲ ನೀರಿಗೂ ಹರಡಿ, ಗಂಡುಗಳು ಸಿಕ್ಕಿದ್ದನ್ನೆಲ್ಲ ತಿವಿಯತೊಡಗುತ್ತವೆ. ಹೆಣ್ಣೇ ಇಲ್ಲದ ತೊಟ್ಟಿಯಲ್ಲೂ ಗಂಡು ಗಂಡಿನ ಹಿಂದೆ ಬೀಳುವುದುಂಟು. ಆಗ ತಿವಿಸಿಕೊಳ್ಳುವ ಪಾಡು ಗುಂಪಿನ ಚಿಕ್ಕ ಅಥವಾ ಸೊರಗಿದ ಗಂಡಿನದು.

ಮೀನನ್ನು ಮೊಟ್ಟೆಯಿಡಲು ಅಣಿಗೊಳಿಸುವ ಹಾರ್ಮೋನ್‌ಗಳ ತಿಳಿವಳಿಕೆ ನಮ್ಮ ದೇಶದ ಮೀನುಗಾರಿಕೆಯ ಹಣೆಬರಹವನ್ನೇ ಬದಲಿಸಿತು. ಕಾಟ್ಲಾ, ರೋಹು ಮೀನುಗಳು ಹೊಳೆಯ ಮೀನುಗಳು. ನಿಂತ ನೀರಿನಲ್ಲಿ ಎಷ್ಟೇ ಕೊಬ್ಬಿದರೂ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸಿದರು. ಜುಲೈ 10ನ್ನು ಇಂದಿಗೂ ಮೀನು ಕೃಷಿಕರ ದಿನವೆಂದು ಆಚರಿಸುವುದು ಆ ಕೆಲಸದ ನೆನಪಿಗೆ. ಸಾಮಾನ್ಯ ಗೆಂಡೆಗೆ ಸೂಜಿ ಇಲ್ಲದೆಯೂ ಆಗುತ್ತದೆ, ಅದು ಕೆರೆಯ ಅಂಚಿನ ಜೊಂಡಿನಲ್ಲೇ ಮೊಟ್ಟೆಯಿಡುತ್ತದೆ. ಮೀನುಮರಿ ಸಾಕುವವರು ಹೈಡ್ರಿಲ್ಲಾ ಗಿಡಗಳನ್ನು ಬಲೆಯ ಪಂಜರದೊಳಗೆ ಹರಡಿ ಅದರ ಮೊಟ್ಟೆ ಹಿಡಿಯುತ್ತಾರೆ. ಗೋಲ್ಡ್‌ಫಿಶ್ ಈ ಗೆಂಡೆಯ ಹತ್ತಿರದ ನೆಂಟ. ಚೀನಾದಲ್ಲಿ ಸಾವಿರ ವರ್ಷಗಳ ಹಿಂದೆ, ಸಾಂಗ್ ರಾಜವಂಶದ ಕಾಲಕ್ಕೆ, ಕೆಸರು ಬಣ್ಣದ ಮೀನಿನಲ್ಲಿ ಅಪರೂಪಕ್ಕೆ ಹುಟ್ಟುತ್ತಿದ್ದ ಕೆಂಪು ಮರಿಗಳನ್ನು ಆರಿಸಿ ಆರಿಸಿ ಸಾಕಿದ್ದರ ಫಲ ಅದು. ಬಣ್ಣ ಬದಲಾಯಿತು, ಬಾಲ ಎರಡಾಯಿತು, ತಲೆಯ ಮೇಲೆ ಟೊಪ್ಪಿಗೆ ಬಂತು. ಜೊಂಡಿನೊಳಗೆ ನುಗ್ಗುವ ಬೆಳಗಿನ ಓಟ ಮಾತ್ರ ಹಾಗೆಯೇ ಉಳಿಯಿತು.

ತೊಂದರೆ ಇರುವುದು ಓಟದಲ್ಲಲ್ಲ, ಓಟ ನಡೆಯುವ ಜಾಗದಲ್ಲಿ. ಕೊಳದಲ್ಲಿ ಹೆಣ್ಣಿಗೆ ದಣಿವಾದರೆ ಗಿಡಗಳ ಮರೆಗೆ ಸರಿಯಬಹುದು, ಆಳಕ್ಕಿಳಿಯಬಹುದು. ಗಾಜಿನ ಗುಂಡು ಬಟ್ಟಲಿನಲ್ಲಿ ಓಡಿದಷ್ಟೂ ಗಂಡಿನ ಮೂತಿಯ ಮುಂದೆಯೇ ಬಂದು ನಿಲ್ಲಬೇಕು. ಬಟ್ಟಲಿನ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾದದ್ದು: ಗೋಲ್ಡ್‌ಫಿಶ್ ಅನ್ನು ಅದರಲ್ಲಿ ಇಡಬಾರದು. ಇಟಲಿಯ ಮೊನ್ಜಾ ನಗರ 2004ರಲ್ಲಿ, ಮರುವರ್ಷ ರೋಮ್ ನಗರ ಗುಂಡು ಬಟ್ಟಲಿನಲ್ಲಿ ಮೀನು ಸಾಕುವುದನ್ನು ನಿಷೇಧಿಸಿದವು. ಸಾದಾ ಜಾತಿಯ ಗೋಲ್ಡ್‌ಫಿಶ್ ಜಾಗ ಸಿಕ್ಕರೆ ಒಂದು ಅಡಿಯವರೆಗೆ ಬೆಳೆಯುತ್ತದೆ, ಹತ್ತಿಪ್ಪತ್ತು ವರ್ಷ ಬದುಕುತ್ತದೆ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ 1956ರಲ್ಲಿ ಜಾತ್ರೆಯೊಂದರ ಆಟದಲ್ಲಿ ಗೆದ್ದು ತಂದ ‘ಟಿಶ್’ ಎಂಬ ಗೋಲ್ಡ್‌ಫಿಶ್ 43 ವರ್ಷ ಬಾಳಿ 1999ರಲ್ಲಿ ಸತ್ತಿತು. ನಮ್ಮಲ್ಲಿ ಆರು ತಿಂಗಳಿಗೆ ಸಾಯುವ ಮೀನುಗಳು ಆಯುಸ್ಸು ಮುಗಿದು ಸಾಯುವುದಿಲ್ಲ. ಎರಡು ಮೀನಿಗೆ ನೂರು ಲೀಟರಿಗಿಂತ ಕಡಿಮೆ ನೀರು ಬೇಡ ಎಂಬುದು ಪಳಗಿದ ಹವ್ಯಾಸಿಗಳು ಸಾಮಾನ್ಯವಾಗಿ ಹೇಳುವ ಮಾತು. ತೊಟ್ಟಿ ಎತ್ತರವಾಗಿರುವುದಕ್ಕಿಂತ ಉದ್ದವಾಗಿರಬೇಕು.

ಓಟ ಒಂದೆರಡು ದಿನದಲ್ಲಿ ನಿಲ್ಲದಿದ್ದರೆ ಹೆಣ್ಣಿನ ಮೈ ನೋಡಿ. ಹುರುಪೆ ಕಿತ್ತಿದೆಯೇ, ಗುದದ್ವಾರದ ಬಳಿ ಕೆಂಪಾಗಿದೆಯೇ, ಬಾಲ ಸೀಳಿದೆಯೇ, ತಳದಲ್ಲಿ ಮಲಗಿ ಏದುಸಿರು ಬಿಡುತ್ತಿದೆಯೇ, ಮೇವು ಹಾಕಿದರೂ ಏಳುತ್ತಿಲ್ಲವೇ? ಇವುಗಳಲ್ಲಿ ಒಂದು ಕಂಡರೂ ಬೇರೆ ಮಾಡುವ ಹೊತ್ತು ಬಂದಿದೆ. ಬಕೆಟ್ಟಿಗೆ ಎತ್ತಿಹಾಕುವ ಬದಲು ಅದೇ ತೊಟ್ಟಿಯಲ್ಲಿ ರಂಧ್ರಗಳಿರುವ ಪ್ಲಾಸ್ಟಿಕ್ ಹಲಗೆಯನ್ನೋ ಬಿಗಿದ ಬಲೆಯನ್ನೋ ಅಡ್ಡ ನಿಲ್ಲಿಸುವುದು ಒಳ್ಳೆಯದು. ನೀರು ಅದೇ, ಉಷ್ಣತೆ ಅದೇ, ಹೆಣ್ಣಿಗೆ ವಿಶ್ರಾಂತಿ ಮಾತ್ರ ಸಿಗುತ್ತದೆ. ಬೇರೆ ಮಾಡುವಾಗ ಎಲ್ಲರೂ ಹೆಣ್ಣನ್ನೇ ಎತ್ತುತ್ತಾರೆ. ಗಂಡು ಒಂದೇ ಇದ್ದರೆ ಗಂಡನ್ನು ಎತ್ತಿ. ದಣಿದ ಜೀವವನ್ನು ಬಲೆಯಲ್ಲಿ ಹಿಡಿದು ಇನ್ನಷ್ಟು ದಣಿಸುವುದು ಬೇಡ. ಮೂರು ಗಂಡುಗಳ ನಡುವೆ ಒಂದೇ ಹೆಣ್ಣಿದ್ದರೆ ಈ ಪಾಡು ವರ್ಷವರ್ಷವೂ ಬರುತ್ತದೆ, ಅಲ್ಲಿ ಗಂಡಿನ ಸಂಖ್ಯೆ ಇಳಿಸುವುದೇ ದಾರಿ. ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಈ ಓಟಕ್ಕೆ ಮದ್ದಲ್ಲ. ಮುಖ್ಯ ತೊಟ್ಟಿಗೆ ಸುರಿದರೆ ಫಿಲ್ಟರಿನಲ್ಲಿ ನೆಲೆಸಿ ನೀರು ಶುದ್ಧವಾಗಿಡುವ ಬ್ಯಾಕ್ಟೀರಿಯಾಗಳನ್ನೇ ಅದು ಕೊಲ್ಲುತ್ತದೆ.

ಊಟದ ಹೊತ್ತಿನ ಅಟ್ಟಾಟಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಮೇವು ಮುಗಿದೊಡನೆ ಅದೂ ಮುಗಿಯುತ್ತದೆ. ಹೊಸ ಮೀನು ಬಂದಾಗ ಹಳೆಯವು ಹಿಂದೆ ಹಿಂದೆ ಸುತ್ತಿ ಮೂಸುವುದೂ ಹಾಗೆಯೇ. ಆದರೆ ಜೊತೆ ಸರಿಯಿಲ್ಲದಿದ್ದರೆ ಪ್ರತಿದಿನವೂ ತೊಂದರೆ. ಕಾಮೆಟ್‌ನಂಥ ಒಂಟಿ ಬಾಲದ, ನೀಳ ಮೈಯ ಮೀನು ಬಾಣದಂತೆ ಹೋಗುತ್ತದೆ. ಒರಾಂಡಾ, ರ‍್ಯುಕಿನ್‌ಗಳದು ಗುಂಡು ಮೈ, ಜೋಡಿ ಬಾಲ, ನಿಧಾನ. ಕಣ್ಣಿನ ಕೆಳಗೆ ನೀರುಚೀಲ ಹೊತ್ತ ಬಬಲ್ ಐ ಮೀನಿಗೆ ಎದುರಿನ ಕಾಳೂ ಸರಿಯಾಗಿ ಕಾಣದು. ಇವನ್ನು ಕಾಮೆಟ್ ಜೊತೆ ಬಿಟ್ಟರೆ ಮೇವೂ ಸಿಗುವುದಿಲ್ಲ, ಬಾಲವೂ ಉಳಿಯುವುದಿಲ್ಲ. ಬಾಲದ ತುದಿಯನ್ನೇ ಗುರಿಯಿಟ್ಟು ಕೀಳುತ್ತಿದ್ದರೆ ಅದು ಸಂತಾನದ ಓಟವಲ್ಲ ಎಂದು ತಿಳಿಯಿರಿ. ಹಲವು ಮೀನುಗಳು ಸೇರಿ ಒಂದೇ ಮೀನನ್ನು ದಿನವಿಡೀ ಕುಕ್ಕುತ್ತಿದ್ದರೆ ಆ ಮೀನಿಗೆ ಹುಷಾರಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಬೇರೆ ನೀರಿಗೆ ಹಾಕಿ, ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಅಯೋಡಿನ್ ಬೆರೆಸದ ಕಲ್ಲುಪ್ಪು ಕರಗಿಸಿ, ಕೆಲವು ದಿನ ನೋಡಿಕೊಳ್ಳಬೇಕು.

ಒಂದು ಮತ್ತೊಂದರ ಹಿಂದೆ ಬೀಳದೆ ಎಲ್ಲ ಮೀನುಗಳೂ ಒಮ್ಮೆಗೇ ದಿಕ್ಕೆಟ್ಟು ಓಡಿ ಗಾಜಿಗೆ ಬಡಿಯುತ್ತಿದ್ದರೆ ಅನುಮಾನ ನೀರಿನ ಮೇಲೆ ಹೋಗಬೇಕು. ಮೀನಿನ ದೇಹದ ಅಮೋನಿಯಾದ ಬಹುಪಾಲು ಹೊರಬೀಳುವುದು ಕಿವಿರಿನ ಮೂಲಕ, ನೀರಿಗೇ. ಗೋಲ್ಡ್‌ಫಿಶ್ ಬಕಾಸುರ, ಅದಕ್ಕೆ ನಿಜವಾದ ಜಠರವೇ ಇಲ್ಲ, ತಿಂದದ್ದು ಬೇಗ ಹೊರಗೆ. ಫಿಲ್ಟರಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ಕಡಿಮೆ ವಿಷದ ನೈಟ್ರೇಟ್ ಆಗಿಯೂ ಮಾಡಬೇಕು. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಬೋರ್‌ವೆಲ್ ನೀರು ಕ್ಷಾರೀಯವಾಗಿದ್ದಷ್ಟೂ ಅಮೋನಿಯಾದ ವಿಷ ಏರುತ್ತದೆ. ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದು ಕಿವಿರನ್ನು ಸುಡುತ್ತದೆ; ಹಿಡಿದ ನೀರನ್ನು ಒಂದು ದಿನ ಏರ್ ಪಂಪ್ ಹಾಕಿ ಬಿಡಬೇಕು, ಇಲ್ಲವೇ ಕ್ಲೋರಿನ್ ತೆಗೆಯುವ ದ್ರಾವಣ ಬಳಸಬೇಕು. ಅಮೋನಿಯಾ ಪರೀಕ್ಷೆಯ ಕಿಟ್ ಒಂದು ಮನೆಯಲ್ಲಿದ್ದರೆ ಊಹೆಗೆ ಕೆಲಸವಿಲ್ಲ. ಅದರಲ್ಲಿ ಸೊನ್ನೆ ಬರಬೇಕು.

ನೀರು ಚೆನ್ನಾಗಿದ್ದೂ ಎಲ್ಲವೂ ಹೀಗೆ ಬೆಚ್ಚುವ ಇನ್ನೊಂದು ಸಂದರ್ಭವಿದೆ. ಜೇನುನೊಣದ ನೃತ್ಯವನ್ನು ಅರ್ಥೈಸಿ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್, 1930ರ ದಶಕದಲ್ಲಿ ಮಿನ್ನೋ ಎಂಬ ಗೆಂಡೆ ಕುಲದ ಪುಟ್ಟ ಮೀನುಗಳಲ್ಲಿ ಒಂದನ್ನು ಕಂಡುಕೊಂಡರು: ಒಂದು ಮೀನಿನ ಚರ್ಮಕ್ಕೆ ಗಾಯವಾದರೆ ಅಲ್ಲಿಂದ ಹೊರಬೀಳುವ ರಾಸಾಯನಿಕ ಉಳಿದವಕ್ಕೆ ಅಪಾಯದ ಸುದ್ದಿ ಮುಟ್ಟಿಸುತ್ತದೆ. ಗೋಲ್ಡ್‌ಫಿಶ್‌ನಲ್ಲೂ ಇದಿದೆ. ಬಲೆಯಲ್ಲಿ ಹಿಡಿಯುವಾಗ ಒಂದಕ್ಕೆ ತರಚಿದರೆ ತೊಟ್ಟಿಯೆಲ್ಲ ಗಾಬರಿಯಾಗುವುದು ಇದರಿಂದಲೇ. ಆದಷ್ಟು ಬಲೆ ಬಿಟ್ಟು ಮಗ್ಗಿನಲ್ಲಿ ನೀರಿನ ಸಮೇತ ಎತ್ತುವುದು ಒಳ್ಳೆಯದು.

ಬೆಳಗಿನ ಓಟ ಮುಗಿದ ಮೇಲೆ ಗಿಡದ ಎಲೆ, ಬೇರು, ಫಿಲ್ಟರಿನ ಪೈಪನ್ನು ನೋಡಿ. ಸಾಸಿವೆಯಷ್ಟು, ಕೆಲವು ಅದಕ್ಕೂ ಚಿಕ್ಕ, ತಿಳಿ ಹಳದಿ ಛಾಯೆಯ ಗಾಜಿನಂಥ ಮೊಟ್ಟೆಗಳು ಅಂಟಿಕೊಂಡಿರುತ್ತವೆ. ಒಂದು ದೊಡ್ಡ ಹೆಣ್ಣು ಒಮ್ಮೆಗೆ ಸಾವಿರಕ್ಕೂ ಹೆಚ್ಚು ಇಡಬಲ್ಲದು. ಕಾಯುವ ಕೆಲಸ ತಾಯಿ ತಂದೆ ಇಬ್ಬರಿಗೂ ಇಲ್ಲ; ಹಸಿದ ಹೊಟ್ಟೆಯಲ್ಲಿ ಇಬ್ಬರೂ ಅವನ್ನೇ ಹುಡುಕಿ ತಿನ್ನುತ್ತಾರೆ. ಮರಿ ಬೇಕೆಂದರೆ ಮೊಟ್ಟೆ ಅಂಟಿದ ಗಿಡವನ್ನು ಆಗಲೇ ಬೇರೆ ಟಬ್ಬಿಗೆ ಸಾಗಿಸಬೇಕು. ಗಿಡವಿಲ್ಲದಿದ್ದರೆ ಬಣ್ಣ ಬಿಡದ ನೈಲಾನ್ ಉಲ್ಲನ್ನಿನ ಕುಚ್ಚು ಕಟ್ಟಿ ಮುಂಚಿತವಾಗಿ ತೇಲಿಬಿಟ್ಟರೂ ಅದರಲ್ಲೇ ಇಡುತ್ತವೆ. ಫಲಿಸದ ಮೊಟ್ಟೆ ಒಂದೆರಡು ದಿನದಲ್ಲಿ ಬೆಳ್ಳಗಾಗಿ ಬೂಸ್ಟು ಹಿಡಿಯುತ್ತದೆ, ಅದನ್ನು ತೆಗೆದುಹಾಕಬೇಕು. ನೀಲಿ ಔಷಧಿಯ ಒಂದೆರಡು ಹನಿ ನಿಜಕ್ಕೂ ಉಪಯೋಗಕ್ಕೆ ಬರುವುದು ಈ ಟಬ್ಬಿನಲ್ಲಿ. ನೀರಿನ ಬಿಸುಪು ನೋಡಿಕೊಂಡು ಮೂರರಿಂದ ಐದಾರು ದಿನದಲ್ಲಿ ಮರಿ ಹೊರಬರುತ್ತದೆ. ಮೊದಲ ತಿಂಗಳುಗಳಲ್ಲಿ ಅದಕ್ಕೆ ಚಿನ್ನದ ಬಣ್ಣವಿಲ್ಲ, ಹಿರಿಯರ ಕೆಸರು ಬಣ್ಣವೇ. ಕೆಲವು ಕೊನೆಯವರೆಗೂ ಹಾಗೆಯೇ ಉಳಿಯುತ್ತವೆ.

ಸಾಕಲಾಗದಷ್ಟು ಮರಿಗಳಾದಾಗ ಅವನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವು ಎನ್ನುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಅಮೆರಿಕದ ಮಿನ್ನೆಸೋಟ ರಾಜ್ಯದ ಬರ್ನ್ಸ್‌ವಿಲ್ ನಗರಾಡಳಿತ 2021ರಲ್ಲಿ ಕೆರೆಯೊಂದರಿಂದ ದೈತ್ಯ ಗೋಲ್ಡ್‌ಫಿಶ್‌ಗಳನ್ನು ಎತ್ತಿ ತೋರಿಸಿ, ಸಾಕುಮೀನು ಬಿಡಬೇಡಿ ಎಂದು ಜನರಿಗೆ ಕೈಮುಗಿಯಬೇಕಾಯಿತು. ತಳ ಕೆದಕಿ ನೀರು ಕದಡುವ, ಗಿಡ ಕೀಳುವ ಮೀನು ಅದು, ನಮ್ಮ ಕೆರೆಗಳಿಗೆ ಹೊರಗಿನದು. ಮರಿಗಳನ್ನು ಬಣ್ಣದ ಮೀನಿನ ಅಂಗಡಿಗಳಲ್ಲಿ ವಿಚಾರಿಸಿದರೆ ತೆಗೆದುಕೊಳ್ಳುವವರು ಸಿಗುತ್ತಾರೆ, ತೊಟ್ಟಿಯಿರುವ ಪರಿಚಯದವರಿಗೆ ಕೊಡಬಹುದು. ಮರಿ ಬೇಡವೇ ಬೇಡ ಎನ್ನುವವರು ಮೊಟ್ಟೆಯನ್ನು ಗಿಡದಲ್ಲೇ ಬಿಟ್ಟು ಆ ದಿನ ಮೇವು ಹಾಕದಿದ್ದರೆ ಆಯಿತು, ಸಂಜೆಯ ಹೊತ್ತಿಗೆ ದೊಡ್ಡ ಮೀನುಗಳೇ ಹೆಚ್ಚಿನದನ್ನು ತಿಂದಿರುತ್ತವೆ. ಉಳಿದದ್ದು ನೀರಿನಲ್ಲಿ ಕೊಳೆಯುವ ಮುಂಚೆ ಮರುದಿನ ಕಾಲು ಭಾಗ ನೀರು ಬದಲಿಸಿ.